ಕಾವು ಪೆಟ್ಟಿಗೆ: ಮನೇಲೇ ಮಾಡ್ಕೊಳ್ಳೋದಾ, ದುಡ್ಡು ಕೊಟ್ಟು ತರೋದಾ?



ನಾಟಿ ಕೋಳಿ ಸಾಕುವ ಹುಡುಗರು ಫೋನ್ ಮಾಡಿದಾಗೆಲ್ಲ ಕೇಳೋ ಪ್ರಶ್ನೆ ಒಂದೇ. "ಅಣ್ಣಾ, ಇನ್‌ಕ್ಯುಬೇಟರ್ ಮನೇಲೇ ಮಾಡ್ಕೊಳ್ಳಲಾ, ಇಲ್ಲಾ ರೆಡಿ ಮೆಷಿನ್ ತಗೊಳ್ಳಲಾ?"

ನಾನು ಎರಡನ್ನೂ ಮಾಡಿದ್ದೀನಿ. ಎರಡರಲ್ಲೂ ಮೊದಲ ಸಲ ಸೋತಿದ್ದೀನಿ. ಎರಡೂ ಸೇರಿ 96 ಮೊಟ್ಟೆ ಇಟ್ಟು ಸಿಕ್ಕಿದ್ದು 21 ಮರಿ. ಅದರಲ್ಲೂ ಆರು ಮೊದಲ ವಾರವೇ ಸತ್ತವು. ಹಾಗಾಗಿ ಈ ವಾರ ಗೆದ್ದವನ ಕಥೆಗಿಂತ ಸೋತವನ ಲೆಕ್ಕಾನೇ ಬರೀತೀನಿ. ಓದಿದ ಮೇಲೆ ಮಾಡೋದಾ ಕೊಳ್ಳೋದಾ ಅಂತ ನೀವೇ ತೀರ್ಮಾನ ಮಾಡಬಹುದು.

ಮೊದಲು, ನಿಮಗೆ ಯಂತ್ರ ಬೇಕಾ?

ನಮ್ಮೂರು ತುಮಕೂರು ಜಿಲ್ಲೆ ಶಿರಾ ಕಡೆ. ಮನೇಲಿ 22 ಹೇಂಟೆ, ಮೂರು ಹುಂಜ. ಅವ್ವ ಮೊದಲಿನಿಂದಲೂ ಪುಟ್ಟಿಗೆ ಹುಲ್ಲು ಹಾಸಿ ಕೋಳಿ ಕೂರಿಸಿಕೊಂಡು ಬಂದವಳು. ಒಂದು ನಾಟಿ ಕೋಳಿ ಕೆಳಗೆ 10ರಿಂದ 12 ಮೊಟ್ಟೆ ಇಡಬಹುದು. ಅದಕ್ಕೆ ಕರೆಂಟು ಬೇಡ, ರಿಪೇರಿ ಬೇಡ. ಮೊಟ್ಟೆ ತಿರುಗಿಸೋದೂ ಅದೇ, ಮರಿ ಕಾಯೋದೂ ಅದೇ. ತಿಂಗಳಿಗೆ 25–30 ಮರಿ ಸಾಕು ಅನ್ನೋರಿಗೆ ಕಾವಿಗೆ ಕೂತ ಮೂರು ಕೋಳಿಗಿಂತ ಒಳ್ಳೆ ಮೆಷಿನ್ ಇನ್ನೊಂದಿಲ್ಲ.

ಹಾಗಾದ್ರೆ ಯಂತ್ರ ಯಾಕೆ? ಕಾವಿಗೆ ಕೂತ ಕೋಳಿ 21 ದಿನ ಮೊಟ್ಟೆ ಇಡಲ್ಲ. ಆಮೇಲೆ ಮರಿ ಹಿಂದೆ ಓಡಾಡ್ಕೊಂಡು ಇನ್ನೂ ಒಂದೂವರೆ ಎರಡು ತಿಂಗಳು ಕಳೀತದೆ. ಮೊಟ್ಟೆ ನಾವು ತಗೊಂಡು ಕೋಳೀನ ಕಾವಿನಿಂದ ಬಿಡಿಸಿದ್ರೆ ಅದು ಬೇಗ ಮತ್ತೆ ಮೊಟ್ಟೆಗೆ ಬರುತ್ತೆ. ಒಂದೇ ವಯಸ್ಸಿನ 50 ಮರಿ ಒಟ್ಟಿಗೆ ಸಿಕ್ಕರೆ ಲಸಿಕೆ ಹಾಕೋದು, ಮಾರೋದು ಎರಡೂ ಸುಲಭ. ಇನ್ನು ಗಿರಿರಾಜದಂಥ ತಳಿ ಸಾಕಿದೋರಿಗಂತೂ ಬೇರೆ ದಾರಿನೇ ಇಲ್ಲ, ಅದು ಕಾವಿಗೆ ಕೂರೋದೇ ಅಪರೂಪ. ಆದ್ರೆ ಗಿರಿರಾಜ, ಸ್ವರ್ಣಧಾರಾ ಇವೆಲ್ಲ ಅಡ್ಡತಳಿಗಳು. ಅವುಗಳ ಮೊಟ್ಟೆಯಿಂದ ಮನೇಲಿ ಮರಿ ಮಾಡಿದ್ರೆ ತಾಯಿ ತಂದೆ ಗುಣ ಹಾಗೇ ಬರಲ್ಲ. ಅಂಥವಕ್ಕೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆಯಿಂದ ಒಂದು ದಿನದ ಮರಿ ತರೋದೇ ಸರಿ. ಮುಂದೆ ನಾನು ಹೇಳೋದೆಲ್ಲ ನಾಟಿ ಕೋಳಿ ಮೊಟ್ಟೆ ವಿಷಯ.

ಮೊಟ್ಟೆ ಕೇಳೋದು ಐದೇ ಐದು

1. ಬಿಸಿ. ಒಳಗೆ ಫ್ಯಾನ್ ಇರೋ ಪೆಟ್ಟಿಗೇಲಿ 37.5 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟ್‌ನಲ್ಲಿ 99.5. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38.3ರಿಂದ 38.8.

2. ತೇವಾಂಶ. ಮೊದಲ 18 ದಿನ 50–55 ಪರ್ಸೆಂಟ್. ಕೊನೆ ಮೂರು ದಿನ 65–70.

3. ತಿರುಗಿಸೋದು. ದಿನಕ್ಕೆ ಮೂರು ಸಲ, ಆದ್ರೆ ಐದು ಸಲ. ಸಂಖ್ಯೆ ಬೆಸ ಇರಲಿ. ಆಗ ಉದ್ದದ ರಾತ್ರಿ ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯಲ್ಲ. 18ನೇ ದಿನ ನಿಲ್ಲಿಸಿಬಿಡಿ.

4. ಗಾಳಿ. ಒಳಗಿರೋದು ಉಸಿರಾಡೋ ಜೀವ. ತೂತಿಲ್ಲದ ಡಬ್ಬದಲ್ಲಿ ಕೊನೆ ವಾರ ಉಸಿರುಗಟ್ಟಿ ಸಾಯುತ್ತೆ.

5. ಒಳ್ಳೆ ಮೊಟ್ಟೆ. ಇಟ್ಟು ಏಳು ದಿನದ ಒಳಗಿನದು, ಬಿರುಕಿಲ್ಲದ್ದು, ತೊಳೆಯದೇ ಇರೋದು. ಚೂಪು ತುದಿ ಕೆಳಗೆ ಮಾಡಿ ತಂಪು ಜಾಗದಲ್ಲಿ ಇಡಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇರಲೇಬೇಕು.

ಇಷ್ಟನ್ನು ಯಾವ ಡಬ್ಬ ಕೊಟ್ಟರೂ ಮರಿ ಆಗುತ್ತೆ. ಡಬ್ಬದ ಬೆಲೆ ಎಷ್ಟು ಅಂತ ಮೊಟ್ಟೆ ಕೇಳಲ್ಲ.

ನಾನು ಕಟ್ಟಿದ ಪೆಟ್ಟಿಗೆ

ಮೊಬೈಲ್‌ನಲ್ಲಿ ವಿಡಿಯೋ ನೋಡಿ ಮಾಡಿದ್ದು. ಆಗ ನನಗೆ ಬಿದ್ದ ಖರ್ಚು ಹೀಗಿತ್ತು:

- ಮೀನು ಅಂಗಡಿಯ ದಪ್ಪ ಥರ್ಮೋಕೋಲ್ ಡಬ್ಬ: 100 ರೂ.
- ಡಬ್ಲ್ಯು 1209 ಅನ್ನೋ ಟೆಂಪರೇಚರ್ ಕಂಟ್ರೋಲರ್: 200 ರೂ.
- 12 ವೋಲ್ಟ್ ಅಡಾಪ್ಟರ್: 200 ರೂ.
- ಕಂಪ್ಯೂಟರ್ ಫ್ಯಾನ್: 150 ರೂ.
- 40 ವ್ಯಾಟ್‌ನ ಎರಡು ಹಳೇ ಕಾಲದ ಬಲ್ಬು, ಹೋಲ್ಡರ್: 120 ರೂ.
- ತೇವಾಂಶ ತೋರಿಸೋ ಮೀಟರ್: 250 ರೂ.
- ಜಾಲರಿ, ವೈರು, ಪ್ಲಗ್ಗು: 200 ರೂ.

ಒಟ್ಟು 1,220 ರೂಪಾಯಿ. 40 ಮೊಟ್ಟೆ ಹಿಡಿಸುತ್ತೆ. ತಿರುಗಿಸೋದು ಮಾತ್ರ ಕೈಯಿಂದ.

ಮೊಟ್ಟೆ ಇಟ್ಟೆ, 21 ದಿನ ಕಾದೆ. 22 ಆಯ್ತು, 23 ಆಯ್ತು. ಹೊರಗೆ ಬಂದಿದ್ದು ನಾಲ್ಕು ಮರಿ. ಉಳಿದ 36 ಮೊಟ್ಟೆಯನ್ನ ಅವ್ವ ತೆಂಗಿನ ಬುಡಕ್ಕೆ ಹೂತಳು. ಬೈಲಿಲ್ಲ. ಒಂದೇ ಮಾತು ಹೇಳಿದ್ದು: "ಕೋಳಿ ಕೂರಿಸಿದಾಗ ನಾನು ಹೊಟ್ಟೆ ಕೆಳಗೆ ಕೈ ಹಾಕಿ ನೋಡ್ತಿದ್ದೆ ಮಗಾ. ನೀನು ಹೊರಗೆ ನಂಬರ್ ನೋಡ್ಕೊಂಡು ಕೂತೆ."

ಆಗ ಆ ಮಾತು ನನಗೆ ಅರ್ಥ ಆಗಲಿಲ್ಲ. ಈಗ ಹಿಂದಿರುಗಿ ನೋಡಿದ್ರೆ ತಪ್ಪು ಮೂರು ಕಾಣುತ್ತೆ.

ಮೊದಲನೇದು, ಕಂಟ್ರೋಲರ್‌ನ ಸೆಟ್ಟಿಂಗ್. ಡಬ್ಲ್ಯು 1209ರಲ್ಲಿ ಪಿ1 ಅಂತ ಒಂದು ಸೆಟ್ಟಿಂಗ್ ಇದೆ. ಎಷ್ಟು ಡಿಗ್ರಿ ಇಳಿದ ಮೇಲೆ ಬಲ್ಬು ಮತ್ತೆ ಹತ್ತಬೇಕು ಅನ್ನೋದು ಅದು. ಅಂಗಡಿಯಿಂದ ಬರುವಾಗ ಅದು 2 ಡಿಗ್ರಿಗೆ ಇರುತ್ತೆ. ಅಂದ್ರೆ 37.5ಕ್ಕೆ ಬಲ್ಬು ಆರಿ, 35.5ಕ್ಕೆ ಇಳಿದ ಮೇಲೇ ಮತ್ತೆ ಹತ್ತೋದು. ನನ್ನ ಮೊಟ್ಟೆಗಳಿಗೆ 21 ದಿನವೂ ಸರಾಸರಿ ಬಿಸಿ ಕಡಿಮೆಯೇ. ಅದಕ್ಕೇ 23ನೇ ದಿನದವರೆಗೂ ಎಳೆದಿದ್ದು. ಪಿ1 ಅನ್ನು 0.2ಕ್ಕೆ ಇಳಿಸಬೇಕಿತ್ತು. ಪಿ0 ಅನ್ನೋದು "ಎಚ್" ಅಂದ್ರೆ ಹೀಟಿಂಗ್‌ಗೆ ಇರಬೇಕು, ಅದನ್ನೂ ಒಮ್ಮೆ ನೋಡ್ಕೊಳ್ಳಿ.

ಎರಡನೇದು, ಸೆನ್ಸರ್ ಜಾಗ. ನಾನು ಅದನ್ನ ಮುಚ್ಚಳದ ಹತ್ತಿರ, ಬಲ್ಬಿನ ಪಕ್ಕ ಸಿಕ್ಕಿಸಿದ್ದೆ. ಬಿಸಿ ಗಾಳಿ ಮೇಲೆ ಇರುತ್ತೆ, ಮೊಟ್ಟೆ ಕೆಳಗಿರುತ್ತೆ. ಸೆನ್ಸರ್ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲೇ ಇರಬೇಕು, ಬಲ್ಬಿನ ನೇರ ಬೆಳಕು ಅದಕ್ಕೆ ಬೀಳಬಾರದು.

ಮೂರನೇದು, ಗಾಳಿ ತೂತು. ಬಿಸಿ ಹೋಗಿಬಿಡುತ್ತೆ ಅಂತ ಹೆದರಿ ಎಲ್ಲಾ ಕಡೆ ಟೇಪ್ ಸುತ್ತಿದ್ದೆ. ಈಗ ಕೆಳಗೆ ನಾಲ್ಕು, ಮೇಲೆ ನಾಲ್ಕು, ಪೆನ್ನು ತೂರೋಷ್ಟು ತೂತು ಇವೆ.

ಕಟ್ಟೋರಿಗೆ ಇನ್ನೊಂದು ಮಾತು. ಬಲ್ಬು, ರಿಲೇ ಎರಡರಲ್ಲೂ ಹರಿಯೋದು 230 ವೋಲ್ಟ್. ಬಲ್ಬು ಥರ್ಮೋಕೋಲ್‌ಗೆ ತಾಗಿದ್ರೆ ಡಬ್ಬ ಕರಗುತ್ತೆ, ಬೆಂಕಿನೂ ಹತ್ತಬಹುದು. ಸುತ್ತ ತಗಡು ಕೊಟ್ಟು ನಾಲ್ಕು ಬೆರಳು ಅಂತರ ಬಿಡಿ. ಕಂಟ್ರೋಲರ್ ಬೋರ್ಡ್ ಬೆತ್ತಲೆ ಇರುತ್ತೆ, ಅದನ್ನ ಪ್ಲಾಸ್ಟಿಕ್ ಡಬ್ಬದೊಳಗೆ ಹಾಕಿ ಪೆಟ್ಟಿಗೆ ಹೊರಗೇ ಇಡಿ. ನೀರಿನ ತಟ್ಟೆ ವೈರಿನ ಕೆಳಗೆ ಬರದ ಹಾಗೆ ನೋಡ್ಕೊಳ್ಳಿ. ವೈರಿಂಗ್ ಗೊತ್ತಿಲ್ಲಾಂದ್ರೆ ಊರ ಎಲೆಕ್ಟ್ರಿಷಿಯನ್‌ಗೆ 200 ರೂಪಾಯಿ ಕೊಡಿ, ನಾಚ್ಕೋಬೇಡಿ. ಬಲ್ಬು ಎರಡು ಹಾಕೋದು ಯಾಕೆ ಅಂದ್ರೆ, ಮಧ್ಯರಾತ್ರಿ ಒಂದು ಹೋದ್ರೂ ಇನ್ನೊಂದು ಇರುತ್ತೆ.

ನಾನು ಕೊಂಡ ಮೆಷಿನ್

ನನ್ನ ಪೆಟ್ಟಿಗೆ ಸೋತಾಗ ನಾನು ಅಂದ್ಕೊಂಡಿದ್ದು, "ಕಡಿಮೆ ದುಡ್ಡಿನ ಕೆಲಸ, ಅದಕ್ಕೇ ಹೀಗಾಯ್ತು" ಅಂತ. ಅವ್ವ ಸ್ತ್ರೀ ಶಕ್ತಿ ಸಂಘದಲ್ಲಿ 10,000 ರೂಪಾಯಿ ಸಾಲ ಎತ್ತಿಕೊಟ್ಟಳು. ಅದರಲ್ಲಿ 6,800 ಕೊಟ್ಟು 56 ಮೊಟ್ಟೆಯ ಮೆಷಿನ್ ತರಿಸಿದೆ. ತಾನೇ ತಿರುಗಿಸುತ್ತೆ, ಮುಂದೆ ಡಿಸ್‌ಪ್ಲೇ ಇದೆ, ದಿನ ಲೆಕ್ಕ ಹಾಕುತ್ತೆ. ಜಾಹೀರಾತಿನಲ್ಲಿ 98 ಪರ್ಸೆಂಟ್ ಮರಿ ಅಂತ ಬರೆದಿತ್ತು.

19ನೇ ದಿನ ಬೆಳಿಗ್ಗೆ ಮೆಷಿನ್ ಒಳಗೆ ಚಿಂವ್ ಚಿಂವ್ ಕೇಳಿಸ್ತು. ನನಗೆ ಖುಷಿನೋ ಖುಷಿ. ಅವ್ವನ ಮುಖ ಮಾತ್ರ ಸಣ್ಣಗಾಯ್ತು. "ಎರಡು ದಿನ ಮುಂಚೆ ಬಂದ ಮರಿ ನಿಲ್ಲಲ್ಲ" ಅಂದಳು. 17 ಮರಿ ಬಂದವು. ಕೆಲವಕ್ಕೆ ಹೊಕ್ಕುಳು ಮುಚ್ಚಿರಲಿಲ್ಲ, ಕೆಲವಕ್ಕೆ ಕಾಲು ಅಗಲ. ವಾರದೊಳಗೆ ಆರು ಹೋದವು.

ಮಾರಿದೋರಿಗೆ ಫೋನ್ ಮಾಡಿದೆ. ಮೊಟ್ಟೆ ಸರಿ ಇಲ್ಲ ಅಂದ್ರು. ಅದೇ ವಾರ ಅದೇ ಕೋಳಿಗಳ 12 ಮೊಟ್ಟೆಯನ್ನ ಅವ್ವ ಕೋಳಿ ಕೆಳಗೆ ಇಟ್ಟಿದ್ದಳು. ಅದರಲ್ಲಿ ಹತ್ತು ಮರಿ ಅಂಗಳದಲ್ಲಿ ಓಡಾಡ್ತಾ ಇದ್ವು. ಮೊಟ್ಟೆ ಸರಿ ಇತ್ತು. ಆ ತಿಂಗಳು ಸಂಘದ ಕಂತು ಕಟ್ಟೋಕೆ ಅವ್ವ ಎರಡು ಹುಂಜ ಮಾರಿದಳು.

150 ರೂಪಾಯಿಯ ಪಾಠ

ಅವತ್ತು ರಾತ್ರಿ ಕೂತು ಯೋಚನೆ ಮಾಡಿದೆ. ಕೋಳಿ ಕೆಳಗೆ ಅವ್ವ ಕೈ ಹಾಕಿ ನೋಡ್ತಿದ್ದಳು. ಅಂದ್ರೆ ಕೋಳಿ ಕೂತಿದೆ ಅಂತ ಹೊರಗಿಂದ ನೋಡಿ ನಂಬಿಬಿಡ್ತಿರಲಿಲ್ಲ, ಮೊಟ್ಟೆ ಬೆಚ್ಚಗಿದೆಯಾ ಅಂತ ತಾನೇ ಮುಟ್ಟಿ ನೋಡ್ತಿದ್ದಳು. ನಾನು ಎರಡು ಸಲವೂ ಪೆಟ್ಟಿಗೆ ಹೇಳಿದ್ದನ್ನೇ ನಂಬಿದ್ದೆ.

ಮಾರನೇ ದಿನ ಮೆಡಿಕಲ್ ಸ್ಟೋರಿಗೆ ಹೋಗಿ ಜ್ವರ ನೋಡೋ ಡಿಜಿಟಲ್ ಥರ್ಮಾಮೀಟರ್ ತಂದೆ, 150 ರೂಪಾಯಿ. ಇದು ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂಗಿದೆ. ಯಾಕಂದ್ರೆ ಮೊಟ್ಟೆಗೆ ಬೇಕಾದ ಬಿಸಿಯೂ ಮನುಷ್ಯನ ಮೈಬಿಸಿಯೂ ಹೆಚ್ಚುಕಮ್ಮಿ ಒಂದೇ. ಆ ಜಾಗದಲ್ಲೇ ಅದು ಸರಿಯಾಗಿ ಅಳೀಬೇಕು ಅಂತ ಮಾಡಿರ್ತಾರೆ.

ಬೆಚ್ಚಗಿನ ನೀರಿನ ಪರೀಕ್ಷೆ ಹೀಗೆ. ಒಂದು ಲೋಟ ಉಗುರುಬೆಚ್ಚಗಿನ ನೀರು ತಗೊಳ್ಳಿ. ಥರ್ಮಾಮೀಟರ್ ತುದಿ ಮತ್ತೆ ಕಂಟ್ರೋಲರ್ ಸೆನ್ಸರ್ ತುದಿ ಒಟ್ಟಿಗೆ ಹಿಡಿದು ಅದ್ದಿ. ಸೆನ್ಸರ್ ನೀರಿಗೆ ತಡೆಯಲ್ಲ ಅನ್ನಿಸಿದ್ರೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ ಅದ್ದಿ. ನಿಧಾನಕ್ಕೆ ಕಲಕ್ತಾ ಇರಿ. ಎರಡೂ ನಿಂತ ಮೇಲೆ ಓದಿ. ಫ್ಯಾರನ್‌ಹೀಟ್ ತೋರಿಸಿದ್ರೆ ಫೋನ್‌ನಲ್ಲಿ ಸೆಲ್ಸಿಯಸ್‌ಗೆ ಬದಲಾಯಿಸಿ ನೋಡಿ.

ನನ್ನ 6,800ರ ಮೆಷಿನ್ 37.5 ಅಂತ ತೋರಿಸುವಾಗ ನೀರು ನಿಜವಾಗಿ 38.8 ಇತ್ತು. 1.3 ಡಿಗ್ರಿ ಸುಳ್ಳು. ನಮಗೆ 1.3 ಡಿಗ್ರಿ ಏರಿದ್ರೆ ಜ್ವರ ಅಂತ ಮಲಗ್ತೀವಿ. ಆ ಮೊಟ್ಟೆಗಳು 19 ದಿನ ಜ್ವರದಲ್ಲೇ ಇದ್ವು.

ಸರಿ ಮಾಡೋದು ಸುಲಭ. ಸುಮಾರು ಕಂಟ್ರೋಲರ್‌ಗಳಲ್ಲಿ ವ್ಯತ್ಯಾಸ ತಿದ್ದೋ ಸೆಟ್ಟಿಂಗ್ ಇರುತ್ತೆ. ಡಬ್ಲ್ಯು 1209ರಲ್ಲಿ ಅದು ಪಿ4. ಕಡಿಮೆ ತೋರಿಸ್ತಿದ್ರೆ ಅಷ್ಟು ಸೇರಿಸಿ, ಜಾಸ್ತಿ ತೋರಿಸ್ತಿದ್ರೆ ಅಷ್ಟು ಕಳೀರಿ. ಆ ಸೆಟ್ಟಿಂಗ್ ಇಲ್ಲದ ಮೆಷಿನ್ ಆದ್ರೆ ಗುರಿಯನ್ನೇ ಬದಲಾಯಿಸಿ. ನನ್ನದರಲ್ಲಿ ಆಗಿದ್ದರೆ 36.2ಕ್ಕೆ ಇಟ್ಟರೆ ಒಳಗೆ 37.5 ಇರ್ತಿತ್ತು.

ಸೆನ್ಸರ್ ಕೈಗೆ ಸಿಗದ ಮೆಷಿನ್ ಆಗಿದ್ರೆ, ಮೊಟ್ಟೆ ಗಾತ್ರದ ಸಣ್ಣ ಬಾಟಲಿಗೆ ನೀರು ತುಂಬಿ, ಮುಚ್ಚಳ ಹಾಕಿ ಮೊಟ್ಟೆ ಜಾಗದಲ್ಲೇ ನಾಲ್ಕೈದು ಗಂಟೆ ಇಡಿ. ಆಮೇಲೆ ಮುಚ್ಚಳ ತೆಗೆದು ನೀರಿನ ಬಿಸಿ ನೋಡಿ. ಮೊಟ್ಟೆ ಒಳಗಿನ ಬಿಸಿ ಸುಮಾರು ಅಷ್ಟೇ ಇರುತ್ತೆ. ನಾಲ್ಕು ಮೂಲೆ, ಒಂದು ನಡು, ಹೀಗೆ ಐದು ಜಾಗದಲ್ಲಿ ಇಟ್ಟು ನೋಡಿದ್ರೆ ಎಲ್ಲಿ ಬಿಸಿ ಜಾಸ್ತಿ ಅನ್ನೋದೂ ಗೊತ್ತಾಗುತ್ತೆ.

ತೇವಾಂಶದ ಮೀಟರ್‌ಗೂ ಪರೀಕ್ಷೆ ಇದೆ. ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗೋಷ್ಟು ಮಾತ್ರ ನೀರು ಹಾಕಿ. ಅದನ್ನೂ ಮೀಟರ್ ಅನ್ನೂ ಒಂದು ಜಿಪ್ ಕವರ್ ಒಳಗೆ ಇಟ್ಟು ಗಾಳಿ ಆಡದ ಹಾಗೆ ಮುಚ್ಚಿ ಒಂದು ರಾತ್ರಿ ಬಿಡಿ. ಮೀಟರ್ 75 ತೋರಿಸಬೇಕು. 68 ತೋರಿಸಿದ್ರೆ ಅದು 7 ಕಡಿಮೆ ಹೇಳುತ್ತೆ ಅಂತ ಡಬ್ಬದ ಮೇಲೆ ಬರೆದಿಡಿ, ಅಷ್ಟೇ.

ಎರಡನೇ ಸುತ್ತು

ಎರಡನ್ನೂ ತಿದ್ದಿ, ಮೊಟ್ಟೆ ಇಡೋಕೆ ಮುಂಚೆ ಎರಡು ದಿನ ಖಾಲಿ ಓಡಿಸಿ ನೋಡಿದೆ. ಆಮೇಲೆ ಒಂದೇ ವಾರದಲ್ಲಿ ಕೂಡಿಟ್ಟ ಮೊಟ್ಟೆ ಇಟ್ಟೆ. ನಮ್ಮವು ಸಾಲದೇ ಇದ್ದಿದ್ದನ್ನ ಊರಿನ ನಾಲ್ಕು ಮನೆಯಿಂದ ತಂದಿದ್ದೆ.

ಕೊಂಡ ಮೆಷಿನ್‌ನಲ್ಲಿ 56 ಮೊಟ್ಟೆ. ಏಳನೇ ದಿನ ಕತ್ತಲೆ ಕೋಣೇಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಮರಿ ಕಟ್ಟದ 9 ಮೊಟ್ಟೆ ತೆಗೆದೆ. ಉಳಿದ 47ರಲ್ಲಿ 38 ಮರಿ ಆಯ್ತು. ಅಂದ್ರೆ ಸುಮಾರು 81 ಪರ್ಸೆಂಟ್.

ನಾನು ಕಟ್ಟಿದ ಡಬ್ಬದಲ್ಲಿ 40 ಮೊಟ್ಟೆ. 6 ತೆಗೆದೆ. ಉಳಿದ 34ರಲ್ಲಿ 27 ಮರಿ. ಸುಮಾರು 79 ಪರ್ಸೆಂಟ್.

1,220 ರೂಪಾಯಿ ಡಬ್ಬಕ್ಕೂ 6,800 ರೂಪಾಯಿ ಮೆಷಿನ್‌ಗೂ ಮರಿ ಲೆಕ್ಕದಲ್ಲಿ ಇದ್ದ ವ್ಯತ್ಯಾಸ ಇಷ್ಟೇ. ಮೊದಲ ಸುತ್ತಲ್ಲಿ ಎರಡನ್ನೂ ಕೆಡಿಸಿದ್ದು ಒಂದೇ ಕಾರಣ: ನಾನು ಅಳೆದು ನೋಡಲಿಲ್ಲ.

ಹಾಗಾದ್ರೆ ಮಾಡೋದಾ, ಕೊಳ್ಳೋದಾ?

ಈಗ ನಾನು ಹೇಳೋದು ಹೀಗೆ.

ಮಾಡ್ಕೊಳ್ಳಿ, ಇದು ನಿಮ್ಮ ಮೊದಲನೇ ಸಲ ಆಗಿದ್ರೆ, ಒಂದು ಸಲಕ್ಕೆ 40ಕ್ಕಿಂತ ಕಡಿಮೆ ಮೊಟ್ಟೆ ಇದ್ರೆ, ಮನೇಲಿ ಯಾರಾದ್ರೂ ಒಬ್ಬರು ದಿನವಿಡೀ ಇದ್ರೆ, ಸ್ಕ್ರೂ ಡ್ರೈವರ್ ಹಿಡಿದು ಅಭ್ಯಾಸ ಇದ್ರೆ. ಕೈಯಿಂದ ಮಾಡಿದ್ರೆ ಅದರ ಒಳಗುಟ್ಟು ಗೊತ್ತಿರುತ್ತೆ. ರಾತ್ರಿ 11 ಗಂಟೆಗೆ ಬಲ್ಬು ಹೋದ್ರೆ ನೀವೇ ಬದಲಾಯಿಸ್ತೀರ.

ಕೊಂಡ್ಕೊಳ್ಳಿ, ತಿಂಗಳು ತಿಂಗಳೂ 50ಕ್ಕಿಂತ ಜಾಸ್ತಿ ಮೊಟ್ಟೆ ಇಡೋದು ಖಚಿತ ಇದ್ರೆ, ನೀವು ಹೊಲ, ಕೆಲಸ ಅಂತ ಹೊರಗೇ ಇರೋರಾದ್ರೆ. ಕೊಳ್ಳೋಕೆ ನಿಜವಾದ ಕಾರಣ ಒಂದೇ: ಮೊಟ್ಟೆ ತಿರುಗಿಸೋ ಕೆಲಸ. ದಿನಕ್ಕೆ ಐದು ಸಲ, 18 ದಿನ ಅಂದ್ರೆ 90 ಸಲ. ಪೆನ್ಸಿಲ್‌ನಲ್ಲಿ ಒಂದು ಕಡೆ ಗುಣಿಸು ಗುರುತು, ಇನ್ನೊಂದು ಕಡೆ ಸೊನ್ನೆ ಹಾಕಿ, ಫೋನ್‌ನಲ್ಲಿ ಅಲಾರಂ ಇಟ್ಕೊಂಡು ಮಾಡಿದ್ರೂ ಮದುವೆ, ಸಾವು, ಸಂತೆ ಅಂತ ತಪ್ಪೇ ತಪ್ಪುತ್ತೆ. ಆ 90 ಸಲದ ನೆಮ್ಮದಿಗೆ ನೀವು ಜಾಸ್ತಿ ದುಡ್ಡು ಕೊಡ್ತಿದ್ದೀರ ಅಂತ ತಿಳ್ಕೊಂಡು ಕೊಳ್ಳಿ.

ಕೊಳ್ಳೋವಾಗ ನಾಲ್ಕು ಕೇಳಿ. ಬಿಸಿ ತಿದ್ದೋ ಸೆಟ್ಟಿಂಗ್ ಇದೆಯಾ? ಫ್ಯಾನ್ ಇದೆಯಾ? ಟ್ರೇ ನಾಟಿ ಮೊಟ್ಟೆಗೆ ಸರಿ ಹೊಂದುತ್ತಾ, ಯಾಕಂದ್ರೆ ನಮ್ಮ ಮೊಟ್ಟೆ ಫಾರಂ ಮೊಟ್ಟೆಗಿಂತ ಸಣ್ಣದು. ಫ್ಯಾನು, ಮೋಟರು, ಹೀಟರು ಬಿಡಿಬಿಡಿಯಾಗಿ ಸಿಗುತ್ತಾ? ಕೊನೇದಕ್ಕೆ ಉತ್ತರ "ಇಲ್ಲ" ಅಂದ್ರೆ ವಾಪಸ್ ಬನ್ನಿ. 98 ಪರ್ಸೆಂಟ್ ಅನ್ನೋ ಮಾತಿಗೆ ಮರುಳಾಗಬೇಡಿ. ಹುಂಜ ಮೆಟ್ಟದ ಮೊಟ್ಟೆಯಿಂದ ಯಾವ ಮೆಷಿನ್ನೂ ಮರಿ ತೆಗೆಯಲ್ಲ.

ಸಾಲ ಮಾಡಿ ಮೊದಲ ಮೆಷಿನ್ ತರಬೇಡಿ. ಇದು ನಮ್ಮವ್ವನ ಎರಡು ಹುಂಜದ ಮಾತು.

ಕರೆಂಟು ಮರೀಬೇಡಿ

ಊರೊಳಗಿನ ಮನೆಗೆ ನಿರಂತರ ಜ್ಯೋತಿ ಲೈನ್ ಇರುತ್ತೆ. ತೋಟದ ಮನೆಗೆ ಪಂಪ್‌ಸೆಟ್ ಲೈನ್, ಅಲ್ಲಿ ತ್ರೀ ಫೇಸ್ ಬರೋದೇ ದಿನಕ್ಕೆ ಏಳು ಗಂಟೆ ಆಸುಪಾಸು. ತೋಟದ ಮನೇಲಿ ಇನ್ವರ್ಟರ್ ಇಲ್ಲದೆ ಯಾವ ಪೆಟ್ಟಿಗೆಯೂ ಬೇಡ, ಕೋಳಿನೇ ಕೂರಿಸಿ.

ಖರ್ಚಿನ ಲೆಕ್ಕ ದೊಡ್ಡದಲ್ಲ. 80 ವ್ಯಾಟ್ ಬಲ್ಬು ಅರ್ಧ ಹೊತ್ತು ಹತ್ತಿದ್ರೆ ಸರಾಸರಿ 40 ವ್ಯಾಟ್. ದಿನಕ್ಕೆ ಒಂದು ಯೂನಿಟ್‌ಗೆ ಸ್ವಲ್ಪ ಕಡಿಮೆ, 21 ದಿನಕ್ಕೆ ಸುಮಾರು 20 ಯೂನಿಟ್.

ಕರೆಂಟ್ ಹೋದ್ರೆ ಗಾಬರಿ ಬೇಡ. ಮುಚ್ಚಳ ತೆಗೀಬೇಡಿ, ಮೇಲೆ ಕಂಬಳಿ ಹೊದಿಸಿ. ಕೋಳಿಯೂ ಮೇವಿಗೆ ಅಂತ ದಿನಾ ಎದ್ದು ಹೋಗುತ್ತೆ, ಮೊಟ್ಟೆ ಆಗ ಸ್ವಲ್ಪ ತಣ್ಣಗಾಗುತ್ತೆ. ಒಂದೆರಡು ಗಂಟೆಯ ತಂಪನ್ನ ಮರಿ ತಡ್ಕೊಳ್ಳುತ್ತೆ. ಅತಿ ಬಿಸಿಯನ್ನ ತಡ್ಕೊಳ್ಳಲ್ಲ. 40 ಡಿಗ್ರಿ ದಾಟಿ ಕೆಲವೇ ಗಂಟೆ ಇದ್ರೂ ಪೂರಾ ಬ್ಯಾಚ್ ಹೋಗಬಹುದು. ಅದಕ್ಕೇ ಪೆಟ್ಟಿಗೆಯನ್ನ ಬಿಸಿಲು ಬೀಳೋ ಕಿಟಕಿ ಹತ್ತಿರ, ಶೀಟ್ ಮನೆಯಲ್ಲಿ ಇಡಬೇಡಿ.

ಊರು ಬದಲಾದ್ರೆ ನೀರಿನ ಲೆಕ್ಕವೂ ಬದಲಾಗುತ್ತೆ. ನಮ್ಮ ಕಡೆ ಮಾರ್ಚ್ ಏಪ್ರಿಲ್‌ನಲ್ಲಿ ಗಾಳಿ ಒಣಗಿರುತ್ತೆ, ಅಗಲವಾದ ಎರಡು ತಟ್ಟೆ ನೀರು ಬೇಕು. ತೀರ್ಥಹಳ್ಳಿ ಕಡೆಯ ಗೆಳೆಯನಿಗೆ ಜುಲೈನಲ್ಲಿ ಒಂದು ತಟ್ಟೆಯೂ ಬೇಡ. ತೇವ ಹೆಚ್ಚಿಸೋದು ನೀರಿನ ಆಳ ಅಲ್ಲ, ಅಗಲ. ಸಾಲದಿದ್ರೆ ತಟ್ಟೇಲಿ ಸ್ಪಂಜು ನಿಲ್ಲಿಸಿ.

ಮರಿ ಆಗದ ಮೊಟ್ಟೆ ಎಸೆಯೋ ಮುಂಚೆ

ಒಡೆದು ನೋಡಿ, ಫೋಟೋ ತೆಗೆದಿಡಿ. ವಾಸನೆ ಇರುತ್ತೆ, ಮೂಗಿಗೆ ಬಟ್ಟೆ ಕಟ್ಕೊಳ್ಳಿ. ಆ ಮೊಟ್ಟೆಗಳೇ ನಿಮಗೆ ಮೇಷ್ಟ್ರು.

- ಒಳಗೆ ಏನೂ ಕಟ್ಟೇ ಇಲ್ಲ: ಹುಂಜ ಸಾಲದು, ಅಥವಾ ಮೊಟ್ಟೆ ಹಳೇದು.
- ರಕ್ತದ ಉಂಗುರ ಮಾತ್ರ ಇದೆ: ಮೊದಲ ದಿನಗಳಲ್ಲೇ ಸತ್ತಿದೆ. ಬಿಸಿ ಏರುಪೇರು, ಇಲ್ಲಾ ಮೊಟ್ಟೆ ಕೂಡಿಟ್ಟ ರೀತಿ ಸರಿ ಇಲ್ಲ.
- ಮರಿ 19–20ನೇ ದಿನಕ್ಕೇ ಬಂತು, ಹೊಕ್ಕುಳು ಹಸಿ: ಬಿಸಿ ಜಾಸ್ತಿ.
- 22–23ಕ್ಕೆ ಬಂತು, ಮರಿ ಸೋಮಾರಿ: ಬಿಸಿ ಕಡಿಮೆ.
- ಕೊಕ್ಕು ಹಾಕಿದೆ, ಪೊರೆ ಒಣಗಿ ಅಂಟ್ಕೊಂಡು ಸತ್ತಿದೆ: ಕೊನೆ ಮೂರು ದಿನ ತೇವ ಸಾಲದು, ಇಲ್ಲಾ ಮುಚ್ಚಳ ಪದೇ ಪದೇ ತೆಗೆದಿದ್ದೀರ.
- ಮರಿ ಊದಿಕೊಂಡು ಒಳಗೆಲ್ಲ ನೀರು: ಮೊದಲ 18 ದಿನ ತೇವ ಜಾಸ್ತಿ ಆಗಿದೆ.
- ಪೂರ್ತಿ ಬೆಳೆದು ಚಿಪ್ಪು ಒಡೆಯದೇ ಸತ್ತಿದೆ: ಗಾಳಿ ತೂತು ಮತ್ತೆ ತಿರುಗಿಸಿದ ಲೆಕ್ಕ ನೋಡಿ.

ಒಂದು ಸಲಕ್ಕೆ ಒಂದೇ ತಿದ್ದಿ. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಆಮೆ, ಹಾವಿನ ಮೊಟ್ಟೆ ಸಿಕ್ಕಿದ್ರೆ?

ಈ ಪ್ರಶ್ನೆಯೂ ಬರುತ್ತೆ. ಬದು ಕಡಿಯುವಾಗ, ಗೊಬ್ಬರದ ಗುಂಡಿ ತೆಗೆಯುವಾಗ ಕೇರೆ ಹಾವಿನ ಮೊಟ್ಟೆ, ಕೆರೆ ದಂಡೇಲಿ ಆಮೆ ಮೊಟ್ಟೆ ಸಿಗುತ್ತೆ. "ಅಣ್ಣಾ, ನಮ್ಮ ಪೆಟ್ಟಿಗೇಲಿ ಇಡಲಾ?" ಅಂತಾರೆ. ಖಂಡಿತ ಇಡಬೇಡಿ.

ಕೋಳಿ ಮೊಟ್ಟೆ ತಿರುಗಿಸದಿದ್ರೆ ಕೆಡುತ್ತೆ, ಈ ಮೊಟ್ಟೆಗಳು ತಿರುಗಿಸಿದ್ರೆ ಕೆಡುತ್ತವೆ. ಒಳಗಿನ ಮರಿ ಮೇಲ್ಗಡೆ ಚಿಪ್ಪಿಗೆ ಅಂಟ್ಕೊಂಡು ಬೆಳೆಯುತ್ತೆ, ಉಲ್ಟಾ ಆದ್ರೆ ಸಾಯಬಹುದು. ಅವಕ್ಕೆ 37.5 ಡಿಗ್ರಿ ಅತಿ ಬಿಸಿ, ಸುಮಾರಿನವಕ್ಕೆ 30 ಡಿಗ್ರಿ ಆಸುಪಾಸು ಸಾಕು. ಮೊಸಳೆಯಲ್ಲಿ, ಬಹಳಷ್ಟು ಆಮೆಗಳಲ್ಲಿ ಮರಿ ಗಂಡಾಗೋದಾ ಹೆಣ್ಣಾಗೋದಾ ಅನ್ನೋದನ್ನೇ ಮಣ್ಣಿನ ಬಿಸಿ ತೀರ್ಮಾನ ಮಾಡುತ್ತೆ. ಎಲ್ಲಕ್ಕಿಂತ ಮುಖ್ಯ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಮೊಟ್ಟೆ ಎತ್ತಿ ಮನೇಲಿಟ್ಕೊಂಡ್ರೆ ಕೇಸು. ಮಣ್ಣು ಹಾಗೇ ಮುಚ್ಚಿ, ಪಕ್ಕದಲ್ಲಿ ಕಡ್ಡಿ ನೆಟ್ಟು ಗುರುತು ಮಾಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಕೇರೆ ಹಾವು ನಿಮ್ಮ ಹೊಲದ ಇಲಿ ಹಿಡಿಯೋ ಕೂಲಿಯಾಳು, ಅದನ್ನ ಉಳಿಸ್ಕೊಳ್ಳಿ.

ಕೊನೇ ಮಾತು

ಮಾಡ್ಕೊಂಡಿದ್ದಾಗಲಿ, ಕೊಂಡಿದ್ದಾಗಲಿ, ಮೊದಲ ಬ್ಯಾಚ್‌ಗೆ ಪೂರ್ತಿ ತುಂಬಬೇಡಿ. ಹತ್ತು ಹನ್ನೆರಡು ಮೊಟ್ಟೆ ಇಟ್ಟು ನೋಡಿ. ಅದೇ ದಿನ ಸಾಧ್ಯ ಆದ್ರೆ ಒಂದು ಕೋಳಿಯನ್ನೂ ಕೂರಿಸಿ. ಪೆಟ್ಟಿಗೆ ಸೋತ್ರೆ ತಪ್ಪು ಮೊಟ್ಟೇದಾ ಪೆಟ್ಟಿಗೇದಾ ಅಂತ ಕೋಳಿ ಹೇಳುತ್ತೆ.

ಮೊಟ್ಟೆಗೆ 12 ರೂಪಾಯಿ ಅಂದ್ರೂ ನಾನು ಮೊದಲ ಸುತ್ತಿಗೆ ಇಟ್ಟ 96 ಮೊಟ್ಟೆಯ ಬೆಲೆ 1,152 ರೂಪಾಯಿ. ಥರ್ಮಾಮೀಟರ್ 150. ಈ ಲೆಕ್ಕ ಯಾರಾದ್ರೂ ನನಗೆ ಮೊದಲೇ ಹೇಳಿದ್ದಿದ್ರೆ ಅಂತ ಈಗಲೂ ಅನ್ನಿಸುತ್ತೆ. ನಮ್ಮ ಪೆಟ್ಟಿಗೆ ಪಕ್ಕ ಗೋಡೆಗೆ ಆ ಥರ್ಮಾಮೀಟರ್ ದಾರ ಕಟ್ಟಿ ನೇತು ಹಾಕಿದ್ದೀನಿ. ದಿನಾ ಬೆಳಿಗ್ಗೆ ಸಂಜೆ ನಾನು ಅದರಲ್ಲಿ ನೋಡ್ತೀನಿ. ಅವ್ವ ಮಾತ್ರ ಒಂದು ಮೊಟ್ಟೆ ಎತ್ತಿ ರೆಪ್ಪೆಗೆ ತಾಗಿಸಿ ನೋಡ್ತಾಳೆ. ಇಬ್ಬರ ಲೆಕ್ಕವೂ ಈಗ ತಾಳೆ ಆಗುತ್ತೆ. ಸಂಘದ ಸಾಲದಲ್ಲಿ ಇನ್ನು ಎರಡೇ ಕಂತು ಬಾಕಿ.

ಮರಿ ಆಚೆ ಬಂದ ತಕ್ಷಣ ಹೊರಗೆ ತೆಗೀಬೇಡಿ, ಪುಕ್ಕ ಒಣಗಲಿ. ಹೊಟ್ಟೆಯೊಳಗಿನ ಭಂಡಾರ ಅದನ್ನ ಒಂದು ದಿನ ಆರಾಮಾಗಿ ಕಾಯುತ್ತೆ. ಆಮೇಲೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸ್ತಾ ಹೋಗಬೇಕು. ಬ್ರೂಡರ್ ಕಟ್ಟೋದು, ಲಸಿಕೆ ಹಾಕ್ಸೋದು ಹೇಗೆ ಅಂತ ಮುಂದಿನ ವಾರ ಬರೀತೀನಿ.

ಅಲ್ಲಿವರೆಗೆ ಒಂದೇ ಕೆಲಸ: ಒಂದು ಲೋಟ ಬೆಚ್ಚಗಿನ ನೀರು, ಒಂದು ಥರ್ಮಾಮೀಟರ್. ನಿಮ್ಮ ಪೆಟ್ಟಿಗೆ ನಿಜ ಹೇಳ್ತಿದೆಯಾ ಅಂತ ಇವತ್ತೇ ನೋಡಿ.